ಎಮೆಟ್ ಆಡುವ ಒಂದೇ ಮಾತು

ಶಾಲೆಯಿಂದ ಫೋನ್ ಬಂದಾಗ ಲೊರೀನ್ ವೃದ್ಧಾಶ್ರಮದ ಲಾಂಡ್ರಿಯಲ್ಲಿ ಹೊದಿಕೆ ಮಡಿಸುತ್ತಿದ್ದಳು. ಮಗ ಎಮೆಟ್ ಟೀಚರಿಗೆ 'ನಿನ್ನ ಸಾಯಿಸ್ತೀನಿ' ಅಂದಿದ್ದಾನೆ, ಕೂಡಲೇ ಬರಬೇಕು. ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಹೊರಟಳು.

ಎಮೆಟ್‌ಗೆ ಹದಿಮೂರು. ಆಟಿಸಂ ಇದೆ. ಸಿಟ್ಟು ಬಂದರೆ ಅವನ ಬಾಯಿಂದ ಬರುವುದು ಅದೊಂದೇ ಮಾತು. ಬಿಚ್ಚಿಕೊಂಡ ಶೂ ಲೇಸಿಗೂ ಹೇಳುತ್ತಾನೆ, ಬ್ರೆಡ್ಡು ಸೀಯಿಸಿದ ಟೋಸ್ಟರಿಗೂ ಹೇಳುತ್ತಾನೆ. ಅವನ ವಿಶೇಷ ತರಗತಿಯ ಟೀಚರ್ ಮಿಸ್ ಪಾಮರ್‌ಗೆ ಇದು ಗೊತ್ತು. ಅವನು ಹಾಗಂದರೆ ಅವಳು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾಳೆ. ಸ್ವಲ್ಪ ಹೊತ್ತಿಗೆ ಹುಡುಗ ತಣ್ಣಗಾಗುತ್ತಾನೆ. ಆವತ್ತು ಪಾಮರ್ ರಜೆಯಲ್ಲಿದ್ದಳು. ಬದಲಿಗೆ ಬಂದವಳು, ಗದ್ದಲ ತಡೆಯಲು ಅವನು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಕಿತ್ತುಕೊಂಡಿದ್ದಳು.

ಶಾಲೆಯವರು ಕರೆದ ಸಭೆಯಲ್ಲಿ ಮೂವರಿದ್ದರು. ಉಪಪ್ರಾಂಶುಪಾಲ ರೀಸ್, ಮನಶ್ಶಾಸ್ತ್ರಜ್ಞೆ ಇಂಗ್ರಮ್, ಶಾಲೆಯ ಕಾವಲಿಗೆಂದೇ ನೇಮಿಸಿದ ಪೊಲೀಸ್ ಡೇಲ್ ಕುಂಟ್ಸ್. ಡೇಲ್ ಇದೇ ಶಾಲೆಯಲ್ಲಿ ಲೊರೀನಳ ಹಿಂದಿನ ಬೆಂಚಿನಲ್ಲಿ ಕೂತು ಓದಿದವನು.

"ಮಿಸ್ ಪಾಮರ್‌ನ ಕರೀಲಿಲ್ವಾ?" ಲೊರೀನ್ ಕೇಳಿದಳು.

"ಅವರು ಬರೋದು ಅವನ ಓದಿನ ಸಭೆಗೆ," ಅಂದ ರೀಸ್. "ಇದು ಸುರಕ್ಷತೆಯದ್ದು. ತಂಡ ಬೇರೆ."

"ಹುಡುಗ ಅದೇ ಅಲ್ವಾ ಸರ್?"

ರೀಸ್ ನೀರು ಕುಡಿದ. ಇಂಗ್ರಮ್ ಮೆತ್ತಗೆ ಕೇಳಿದಳು: "ಮುಂಚೆ ಯಾವಾಗಾದ್ರೂ ಹೀಗೆ ಅಂದಿದ್ನಾ?"

"ಅಯ್ಯೋ, ದಿನಾ ಅಂತಾನೆ ಮೇಡಂ. ಬೆಳಗ್ಗೆ ಎದ್ರೆ ಮೊದ್ಲು ಅಲಾರಂಗೇ ಹೇಳ್ತಾನೆ. ಅದಕ್ಕೇನೂ ಅರ್ಥ ಇಲ್ಲ."

"ದಿನಾ," ಅನ್ನುತ್ತಾ ಇಂಗ್ರಮ್ ಬರೆದುಕೊಂಡಳು.

ಮಗನನ್ನು ಉಳಿಸಿಕೊಳ್ಳಲು ಲೊರೀನ್ ಆಡಿದ ಮಾತು ಅವನ ಮೇಲಿನ ದೂರಿಗೇ ಸೇರಿಕೊಂಡಿತ್ತು. ಈಗ ಅದನ್ನು ವಾಪಸು ತೆಗೆದುಕೊಳ್ಳಲು ಹೋದರೆ ಸುಳ್ಳು ಹೇಳುತ್ತಿದ್ದಾಳೆ ಅನ್ನುತ್ತಾರೆ.

"ಮನೇಲಿ ಬಂದೂಕು ಇದಾವಾ?" ಡೇಲ್ ತಲೆ ಎತ್ತದೆ ಕೇಳಿದ.

ಮುಂದಿನ ಸೋಮವಾರ ಸರ್ಕಾರ ವರ್ಷಕ್ಕೊಮ್ಮೆ ಬಿಡುವ ಜಿಂಕೆ ಬೇಟೆ ಶುರು. ಪೆನ್ಸಿಲ್ವೇನಿಯಾದ ಈ ಗುಡ್ಡದೂರಿನಲ್ಲಿ ಆ ದಿನ ಶಾಲೆಗೇ ರಜೆ. ಮೇಷ್ಟ್ರುಗಳು, ಮಕ್ಕಳು, ಬಸ್ ಡ್ರೈವರುಗಳು ಎಲ್ಲರೂ ಬೇಟೆಗಾರರ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಕಾಡಿಗೆ ಹೋದ ಮೇಲೆ ಪಾಠ ಯಾರಿಗೆ ಮಾಡುವುದು?

"ನಿನ್ ಮನೇಲಿ ಎಷ್ಟಿದಾವೆ ಡೇಲ್?"

"ನನ್ ವಿಷಯ ಅಲ್ಲ ಲೊರೀನ್."

"ನಮ್ಮಪ್ಪಂದು ನಾಲ್ಕಿದಾವೆ. ನಿಂಗೊತ್ತು. ಹೋದ್ವರ್ಷ ಅವನ ಜೊತೇಲೇ ಬೇಟೆಗೆ ಹೋಗಿದ್ದೆ ನೀನು."

"ಬಂದೂಕಿನ ಬೀರು ಬೀಗದ ಕೈ ಎಲ್ಲಿರುತ್ತೆ ಅಂತ ಹುಡುಗನಿಗೆ ಗೊತ್ತಾ?"

ಇಲ್ಲ ಅನ್ನಬಹುದಿತ್ತು. ಆದರೆ ಆಮೇಲೆ ಎಮೆಟ್‌ನನ್ನೂ ಕರೆದು ಕೇಳುತ್ತಾರೆ. ಅವನಿಗೆ ಸುಳ್ಳು ಬರುವುದಿಲ್ಲ.

"ಗೊತ್ತು," ಅಂದಳು.

ರೀಸ್ ಬಸ್ಸಿನ ವೇಳೆ ಓದುವವನಂತೆ ತೀರ್ಮಾನ ಹೇಳಿದ. ಬಂದೂಕುಗಳು ಮನೆಯಿಂದ ಹೊರಗೆ ಹೋಗಬೇಕು. ದಿನಾ ಬೆಳಗ್ಗೆ ಬಾಗಿಲಲ್ಲಿ ಎಮೆಟ್‌ನ ಚೀಲ ತಪಾಸಣೆ. ಇನ್ನೊಂದು ಸಲ ಆ ಮಾತು ಬಂದರೆ ಅವನು ಮನೆಯಲ್ಲೇ ಇರಬೇಕು. ವಾರಕ್ಕೆ ಒಂದೆರಡು ಗಂಟೆ ಟೀಚರ್ ಅಲ್ಲಿಗೇ ಬರುತ್ತಾರೆ.

ವರ್ಷಾನುಗಟ್ಟಲೆ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದ ಹುಡುಗ ಈ ಸೆಪ್ಟೆಂಬರಿನಿಂದ ಇಬ್ಬರು ಹುಡುಗರ ಜೊತೆ ಕೂತು ಊಟ ಮಾಡುತ್ತಿದ್ದ. ಮನೆಗೆ ಕಳಿಸಿದರೆ ಅಷ್ಟೂ ಹೋಯಿತು. ಅವಳು ಷರತ್ತುಗಳ ಕಾಗದಕ್ಕೆ ಸಹಿ ಹಾಕಿದಳು.

ಮನೆಯಲ್ಲಿ ಅಪ್ಪ ವರ್ನ್ ಆಲೂಗಡ್ಡೆ ಹುರಿಯುತ್ತಿದ್ದ. ವಿಷಯ ಕೇಳಿ ಬಾಣಲೆ ಕೆಳಗಿಟ್ಟ.

"ಬೇಟೆ ಇಷ್ಟು ಹತ್ರ ಬಂದಾಗ್ಲಾ? ಯಾವನು ಹೇಳಿದ್ದು?"

"ಡೇಲೂ ಇದ್ದ."

"ಅವನಿಗೆ ಬಂದೂಕು ಹಿಡಿಯೋದು ಕಲ್ಸಿದ್ದೇ ನಾನು. ಈಗ್ಲೂ ಮರಕ್ಕೇ ಹೊಡೀತಾನೆ ನನ್ಮಗ."

"ಅಪ್ಪಾ..."

"ಒಂದು ಮಾತಿಗೆ ನಾಲ್ಕು ಬಂದೂಕಾ? ಆ ಲೆಕ್ಕದಲ್ಲಿ ನಿಮ್ಮಮ್ಮ ನಂಗೆ ಅಂದಿದ್ದಕ್ಕೆ ಈ ಊರಿನ ಬಂದೂಕೆಲ್ಲ ಹೋಗ್ಬೇಕಿತ್ತು."

ಎಮೆಟ್ ಮೇಜಿನ ಸುತ್ತ ನಡೆಯುತ್ತಿದ್ದ. "ಸೋಮವಾರ ಹೋಗ್ತೀವಿ. ತಾತ ಹೇಳಿದಾನೆ. ಸೋಮವಾರ."

"ಈ ಸಲ ಇಲ್ಲ ಕಣೋ," ಅಂದಳು ಲೊರೀನ್.

"ಸಾಯಿಸ್ತೀನಿ," ಅಂದ ಎಮೆಟ್, ಉಪ್ಪಿನ ಡಬ್ಬಿಗೆ.

ವರ್ನ್ ಮೊಮ್ಮಗನನ್ನೇ ನೋಡುತ್ತಾ ಕೂತ. ಮಾರನೆಯ ದಿನ ತಾನೇ ಬಂದೂಕುಗಳನ್ನು ಕಂಬಳಿಯಲ್ಲಿ ಸುತ್ತಿ ತಮ್ಮನ ಮನೆಗೆ ಸಾಗಿಸಿದ.

ಸೋಮವಾರ ಬೆಳಗಿನಿಂದ ಗುಡ್ಡದ ಕಡೆಯಿಂದ ಗುಂಡಿನ ಸದ್ದು. ಎಮೆಟ್ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದ. ಅದೇ ಮಾತನ್ನು ಕಿಟಕಿಗೆ ಹೇಳಿದ, ಬಾಗಿಲಿಗೆ ಹೇಳಿದ, ಅಮ್ಮನಿಗೆ ಹೇಳಿದ.

"ಹೇಳೋ, ಇವತ್ತೇ ಎಲ್ಲಾ ಹೇಳಿ ಮುಗಿಸ್ಕೋ," ಅಂದ ವರ್ನ್, ಕುರ್ಚಿಯಿಂದ ಏಳದೆ. "ನಾಳೆಗೆ ಒಂದೂ ಉಳಿಸ್ಬೇಡ."

ಮಂಗಳವಾರ ಲೊರೀನ್ ಅವನನ್ನು ಶಾಲೆಯ ಮುಂದೆ ಇಳಿಸಿ ಕಾರಿನಲ್ಲೇ ಕೂತು ನೋಡಿದಳು. ಬಾಗಿಲಲ್ಲಿ ಡೇಲ್ ಚೀಲ ಬಿಚ್ಚಿ ಪುಸ್ತಕ, ಊಟದ ಡಬ್ಬಿ ಒಂದೊಂದಾಗಿ ಹೊರಗಿಟ್ಟ. ಹಿಂದೆ ಮಕ್ಕಳ ಸಾಲು ಬೆಳೆಯಿತು. ಒಬ್ಬ ಉದ್ದನೆಯ ಹುಡುಗ ಬೆರಳನ್ನೇ ಬಂದೂಕು ಮಾಡಿ ಎಮೆಟ್‌ನ ತಲೆಗೆ ಗುರಿಯಿಟ್ಟ. ಸಾಲು ನಕ್ಕಿತು. ಎಮೆಟ್ ತಿರುಗಿದ. ತುಟಿ ಅಲ್ಲಾಡಿತು.

ಕಾರಿನ ಗಾಜು ಮೇಲಿತ್ತು. ಅವಳಿಗೆ ಏನೂ ಕೇಳಿಸಲಿಲ್ಲ.

ಡೇಲ್‌ನ ಕೈ ನಿಂತಿತು. ಎಮೆಟ್‌ನನ್ನು ನೋಡಿದ, ಉದ್ದನೆಯ ಹುಡುಗನನ್ನು ನೋಡಿದ, ತಲೆಯೆತ್ತಿ ಕಾರಿನ ಕಡೆ ನೋಡಿದ. ಆಮೇಲೆ ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಗಿಲು ತೆರೆದ. ಎಮೆಟ್ ಒಳಗೆ ಹೋದ. ಡೇಲ್ ಭುಜದ ಮೇಲಿನ ವಾಕಿಟಾಕಿಯ ಹತ್ತಿರ ಬಾಯಿ ತಂದು ಏನೋ ಅಂದ. ಅದು ಎಮೆಟ್‌ನ ವಿಷಯ ಇರಬಹುದು, ಬಸ್ಸಿನ ವಿಷಯವೂ ಇರಬಹುದು.

ಲಾಂಡ್ರಿಯಲ್ಲಿ ಅವಳ ಪಾಳಿ ಆಗಲೇ ಶುರುವಾಗಿತ್ತು. ಲೊರೀನ್ ಶಾಲೆಯಿಂದ ಕರೆ ಬಂದೀತೆಂದು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾರು ಶುರು ಮಾಡಿದಳು. ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. ಕಾರು ಮಾತ್ರ ಅಲ್ಲಿಂದ ಕದಲಲಿಲ್ಲ.