ಮೊರೆಯುವ ಸುರುಳಿ

ಶಬ್ದವು ಆಕಾಶದ ಗುಣವೆಂದು ಬಲ್ಲವರು ಹೇಳುತ್ತಾರೆ. ಎರಡು ಸಾವಿರದ ಮೂರನೆಯ ಇಸವಿಯಲ್ಲಿ, ಕುಣಿಗಲ್ಲಿನ ಆ ಬೀದಿಯ ಮಟ್ಟಿಗೆ, ಅದು ತೌಹೀದನ ಸ್ವತ್ತಾಗಿತ್ತು. ಗುಬ್ಬಿಯಲ್ಲಿ ರೇಡಿಯೋ ರಿಪೇರಿ ಕಲಿತು ಬಂದಿದ್ದ ಈತ, ಸಂಜೆಯಾದರೆ ಬೆಂಗಳೂರಿನ ಎಫ್‌ಎಂ ಹಾಡುಗಳನ್ನು ಅಂಗಡಿಯೆದುರು ಹರಿಯಬಿಡುತ್ತಿದ್ದ. ಕೇಳಲು ನೆರೆದವರ ಕೆಟ್ಟ ರೇಡಿಯೋಗಳು ಅವನ ಮೇಜಿಗೇ ಬರುತ್ತಿದ್ದವು.

ಎದುರುಮನೆಯ ದಸ್ತಗೀರ್ ಸಾಬರಿಗೆ ಕಣ್ಣು ಮಂಜಾದ ಮೇಲೆ ಹಾಡೊಂದೇ ಊರುಗೋಲು. ಅವರು ರಿಪೇರಿಗೆ ಕೊಟ್ಟಿದ್ದ ಹಳೆಯ ಸೆಟ್ಟು ಮರಳಿ ಬಂದಾಗ ಕೆಮ್ಮಿತೇ ಹೊರತು ಹಾಡಲಿಲ್ಲ. ಕೇಳಹೋದ ಮುದುಕರಿಗೆ ತೌಹೀದ್ ಎಲ್ಲರೆದುರು ಹೇಳಿದ:

“ರೇಡಿಯೋ ಸರಿಯಾಗೈತೆ ಸಾಬ್ರೆ. ಕಣ್ಣಾಯ್ತು, ಈಗ ಕಿವೀನೂ ಹೋಯ್ತಾ ನೋಡ್ಕೊಳಿ!”

ಬೀದಿ ನಕ್ಕಿತು. ಅಂದಿನಿಂದ ಸಾಬರು ಹೊಸಿಲು ದಾಟಲಿಲ್ಲ.

ಮಗಳು ಅಂಬ್ರೀನ್ ರವಿಕೆ ಹೊಲಿಯುವವಳು. ಮರಳಿ ಬಂದ ರೇಡಿಯೋದ ಪೆಟ್ಟಿಗೆ ಬಿಚ್ಚಿ ನೋಡಿದಳು. ಒಳಗಿದ್ದದ್ದು ತಮ್ಮ ಸ್ಪೀಕರಲ್ಲ, ಯಾರದೋ ಹರಿದದ್ದು. ತಮ್ಮದಕ್ಕೆ ಅವಳೇ ಹಿಂದೊಮ್ಮೆ ಹಸಿರು ಮಲ್‌ಮಲ್ಲಿನ ತೇಪೆ ಅಂಟಿಸಿದ್ದಳು. ಆ ತೇಪೆ ಈಗ ಎದುರಂಗಡಿಯಲ್ಲಿ, ತೌಹೀದನ ತೆರೆದ ರೇಡಿಯೋ ಪೆಟ್ಟಿಗೆಯಲ್ಲಿ, ಹಾಡಿಗೆ ತಕ್ಕಂತೆ ನಡುಗುತ್ತಿತ್ತು.

“ಅವ್ನ ಅಂಗಡಿ ಬಾಯಿ ಮುಚ್ಚಿಸ್ದೆ ಬಿಡಲ್ಲ, ಅಬ್ಬಾ.”

“ಬುಡು ಬೇಟಿ. ಅವ್ನ ಸುದ್ದಿ ನಮ್ಗ್ಯಾಕೆ. ನಂಗೆ ಒಂದ್ ಹಾಡು ಕೇಳುದ್ರೆ ಸಾಕು.”

ಅವಳು ಬಿಡಲಿಲ್ಲ. ತುಮಕೂರಿಗೆ ಹೋಗಿ ಎಫ್‌ಎಂ ರಿಸೀವರಿನ ನಕ್ಷೆಯಿದ್ದ ಪತ್ರಿಕೆ, ಟ್ರಾನ್ಸಿಸ್ಟರು, ತಾಮ್ರದ ತಂತಿ, ಹೊಸ ಸ್ಪೀಕರು ತಂದಳು. ಬೆಸುಗೆ ಹಾಕುತ್ತ ಬೆರಳು ಸುಟ್ಟುಕೊಂಡಳು. ತಂತಿಯ ಸುರುಳಿ ಸುತ್ತುವಾಗ ಮಾತ್ರ ಕೈ ತಾನಾಗಿ ಓಡಿತು: ಹೊಲಿಗೆ ಯಂತ್ರದ ಬಾಬಿನ್ನಿಗೆ ದಾರ ಸುತ್ತುವಂತೆ, ಎಳೆಗೆ ಎಳೆ ಒತ್ತಿ, ಪದರದ ಮೇಲೆ ಪದರ. ರೇಡಿಯೋ ಉಸಿರೆತ್ತಲಿಲ್ಲ. ಜೋಡಣೆಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸೆದಳು. ಕೆಲಸದಲ್ಲೆಲ್ಲ ಅತ್ಯಂತ ಅಚ್ಚುಕಟ್ಟಾಗಿದ್ದ ಸುರುಳಿಯ ಮೇಲೆ ಮಾತ್ರ ಅನುಮಾನ ಹುಟ್ಟಲಿಲ್ಲ. ಕಡೆಗೆ ನಕ್ಷೆಯನ್ನು ಕಣ್ಣಿಗೆ ಹಿಡಿದಾಗ, ಅಲ್ಲಿ ಸುತ್ತುಗಳು ಕೆಲವೇ, ಒಂದನ್ನೊಂದು ಮುಟ್ಟದೆ ನಿಂತಿದ್ದವು. ಅಚ್ಚುಕಟ್ಟೇ ದೋಷವಾಗಿತ್ತು. ಹೊಸದಾಗಿ ಸುತ್ತಿ, ಸೂಜಿಯಿಂದ ಎಳೆಗಳನ್ನು ಬಿಡಿಸಿದಳು.

ಆ ಸಂಜೆ ಸೆಟ್ಟು ಕೆರೆಯ ತೂಬು ತೆರೆದಂತೆ ಭೋರ್ಗರೆಯಿತು. ಅದೇ ಕ್ಷಣಕ್ಕೆ ಎದುರಂಗಡಿಯ ಹಾಡೂ ಸತ್ತು, ಅಲ್ಲಿಯೂ ಭೋರ್ಗರೆತವೆದ್ದಿತು. ಅವಳು ಸೆಟ್ಟಿನ ಶಕ್ತಿ ಏರಿಳಿಸುವ ತಿರುಗುಗುಂಡಿಯನ್ನು ತುಸು ಇಳಿಸಿದಳು. ಇಲ್ಲಿ ಹಾಡು ತಿಳಿಯಾಯಿತು, ಅಲ್ಲಿಯೂ ಆಯಿತು. ಏರಿಸಿದಳು, ಎರಡೂ ಕಡೆ ಮೊರೆತ. ಮಿತಿಮೀರಿ ಉದ್ರೇಕಗೊಂಡರೆ ಈ ಯಂತ್ರ ಬರಿದೇ ಕೇಳುವುದಿಲ್ಲ, ತಾನೂ ಆಕಾಶಕ್ಕೆ ಅಲೆಗಳನ್ನು ಕೂಗಿ ನೆರೆಯ ರೇಡಿಯೋಗಳ ಹಾಡನ್ನು ಕೆಡಿಸುತ್ತದೆ. ಅಂಬ್ರೀನ್ ಗುಂಡಿಯನ್ನು ಏರಿಸಿಯೇ ಬಿಟ್ಟಳು.

ಮುಂದಿನ ಸಂಜೆಗಳು ಹಾಗೆಯೇ ಕಳೆದವು. ಜನ ನೆರೆಯುವುದನ್ನು ಕಿಟಕಿಯಿಂದ ನೋಡಿ ಅವಳು ಗುಂಡಿ ತಿರುಗಿಸುವಳು.

“ಏನ್ಲಾ ತೌಹೀದ, ರೇಡಿಯೋ ಒಳ್ಗೆ ಕಡ್ಲೆಕಾಯಿ ಹುರೀತಿದೀಯಾ?”

“ತನ್ನದೇ ರಿಪೇರಿ ಬರಲ್ಲ, ನಮ್ದೇನ್ ಮಾಡ್ತಾನೆ? ಕೊಡ್ಲಾ ನನ್ ಸೆಟ್ಟು, ತುಮ್ಕೂರ್ಗೇ ಒಯ್ತೀನಿ!”

ತೌಹೀದ್ ತನ್ನ ಪೆಟ್ಟಿಗೆಯನ್ನು ಬಿಚ್ಚಿದ, ಜೋಡಿಸಿದ, ಬಡಿದ. ರೋಗ ಬೀದಿಯಾಚೆಗಿತ್ತು.

ಆದರೆ ಸಾಬರು ಪ್ರತಿ ಸಂಜೆ ಮಗಳ ಸೆಟ್ಟಿನ ಕಡೆಗೆ ಮುಖವೊಡ್ಡಿ ಕುಳಿತಿರುತ್ತಿದ್ದರು. “ಇವತ್ತೂ ಹಾಡು ಬರ್ಲಿಲ್ವಾ ಬೇಟಿ?”

“ಹೊಸದಾಗಿ ಕಲ್ತಿರೋದು ಅಬ್ಬಾ. ಇನ್ನೂ ಕೈ ಕೂತಿಲ್ಲ.”

ಒಂದು ಸಂಜೆ ಆ ಮುಖ ನೋಡಿ ತಾಳಲಾರದೆ ಗುಂಡಿ ಇಳಿಸಿದಳು. ಹಾಡು ಹರಿಯಿತು. ಸಾಬರ ಬೆರಳುಗಳು ಮಂಡಿಯ ಮೇಲೆ ತಾಳ ಹಾಕತೊಡಗಿದವು. ಅಷ್ಟರಲ್ಲಿ ಎದುರಿನಿಂದಲೂ ಅದೇ ಹಾಡೆದ್ದು, ಅದರ ಮೇಲೆ ತೌಹೀದನ ಕೇಕೆ ಕೇಳಿಸಿತು:

“ಬನ್ರೋ, ಬನ್ರೋ! ನೋಡಿದ್ರಾ ನನ್ ಕೈಗುಣಾನ!”

ಸಾಬರ ಬೆರಳು ನಿಂತವು. “ಎರಡೂ ಒಟ್ಟಿಗೇ ಹೆಂಗ್ ಸರಿಯಾದ್ವು ಬೇಟಿ?”

ಅಂಬ್ರೀನ್ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು: ಹಸಿರು ತೇಪೆಯನ್ನು ಎಲ್ಲಿ ಕಂಡಳೆಂಬುದನ್ನು, ಗುಂಡಿಯ ಮರ್ಮವನ್ನು, ಇಷ್ಟು ಸಂಜೆಗಳ ಹಾಡನ್ನು ತಾನೇ ಕಸಿದಿದ್ದನ್ನು. ಬೈಗುಳಕ್ಕೆ ಕಾದಳು.

ಮುದುಕರು ಕೈಚಾಚಿ, ಮೇಜನ್ನು ತಡವಿ, ಗುಂಡಿಯನ್ನು ಹುಡುಕಿ ಹಿಡಿದರು. ಅದನ್ನು ಕಡೆಯವರೆಗೂ ತಿರುಗಿಸಿದರು. ಹಾಡು ಕೊಚ್ಚಿಹೋಯಿತು, ಬೀದಿಯಲ್ಲಿ ನಗೆಯೆದ್ದಿತು.

ಸಾಬರು ಗೋಡೆಗೊರಗಿ ಕಣ್ಣು ಮುಚ್ಚಿದರು.

“ಅವ್ನು ಅಂಗ್ಡಿ ಬಾಗ್ಲಾಕೋವರ್ಗೂ ಮುಟ್ಬೇಡ,” ಎಂದರು.