ಬಾವಿಗೆ ಬಿದ್ದ ಲಿಂಗ

ಎಪ್ಪತ್ತೆಂಟನೇ ಇಸವಿಯ ಮಾತು. ಅಜ್ಜಂಪುರದ ಪಂಕಜಾಕ್ಷಿ ನೀರು ಸೇದಲು ಬಗ್ಗಿದ್ದೇ ತಡ, ಕೊರಳ ಶಿವದಾರ ಹರಿದು ಇಷ್ಟಲಿಂಗ ಕರಡಿಗೆ ಸಮೇತ ಬಾವಿಗೆ ಬಿತ್ತು. ಗಂಡ ಓಂಕಾರಮೂರ್ತಿ ಲಕ್ಕವಳ್ಳಿ ಡ್ಯಾಮಿನ ಕೆಲಸದಲ್ಲಿದ್ದ. ಮನೆಯಲ್ಲಿ ಅವಳು, ಅತ್ತೆ ದಾಕ್ಷಾಯಣಮ್ಮ, ಮೂರು ತಿಂಗಳ ಹೆಣ್ಣುಕೂಸು. ಅಕ್ಕಪಕ್ಕದವರು ಪಾತಾಳಗರಡಿ ಇಳಿಸಿ ಸಂಜೆತನಕ ಕೆದಕಿದರು. ಯಾವ ಕಾಲದ್ದೋ ಎರಡು ಕೊಡ ಬಂದವು, ಒಂದು ಚೊಂಬು ಬಂತು. ಲಿಂಗ ಮಾತ್ರ ಬರಲಿಲ್ಲ.

"ಮಠದ ಅಜ್ಜಯ್ಯ ಬಂದು ಹೊಸ ಲಿಂಗ ಕೊಡೋವರ್ಗೂ ತೊಟ್ಟು ನೀರೂ ಮುಟ್ಟಂಗಿಲ್ಲ ಕಣೇ, ಮುಟ್ಟಿದ್ರೆ ಗಂಡಂಗೆ ಕೇಡು," ಅಂದಳು ಅತ್ತೆ. ಅಜ್ಜಯ್ಯನವರೋ ಸಿಂಗಟಗೆರೆ ಕಡೆ ಹೋಗಿದ್ದರು, ಬರಲು ಇನ್ನೂ ನಾಲ್ಕು ದಿನ. ಕಡೂರಿನ ತವರಿಗಾದರೂ ಹೋಗೋಣವೆಂದರೆ ಬರಿಗೊರಳಲ್ಲಿ ಹೊಸ್ತಿಲು ದಾಟುವಂತಿಲ್ಲ.

ಮರುದಿನ ಮಧ್ಯಾಹ್ನಕ್ಕೆ ಎದೆಹಾಲು ಬತ್ತಿತು. ಹಸುವಿನ ಹಾಲು ಕುಡಿಸಿದರೆ ಕೂಸು ಕಕ್ಕಿಬಿಟ್ಟಿತು. ಉಂಡರೆ ಗಂಡನಿಗೆ ಕೇಡು, ಉಣ್ಣದಿದ್ದರೆ ಮಗುವಿಗೆ ಕೇಡು. ಎತ್ತ ಹೋದಾಳು ಪಾಪ! ಕೋಣೆಯ ಮೂಲೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಸಾಕಾದ ಮೇಲೆ ಬುದ್ಧಿ ನೆಟ್ಟಗಾಯಿತು. ಆದದ್ದಾದರೂ ಏನು? ದಾರ ಬೆವರಿಗೆ ನೆನೆದು ನೆನೆದು ಲಡ್ಡಾಗಿತ್ತು, ಹರಿಯಿತು. ಗಂಡನಿಗೆ ಕೇಡಾಗುತ್ತದೆಂದು ಕಂಡು ಬಂದವರು ಯಾರು? ಮಗು ಹಸಿದು ಕಿರುಚುತ್ತಿರುವುದಂತೂ ಕಿವಿಗೆ ಬೀಳುತ್ತಿದೆ. ಉಂಡರೆ ಅತ್ತೆ ಬೈದಾಳು, ಕೇರಿ ಆಡಿಕೊಂಡೀತು. ಆಡಿಕೊಳ್ಳಲಿ, ಬೈಗುಳಕ್ಕೆ ಸತ್ತವರುಂಟೇ? ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ.

ಎದ್ದು ಅಡಿಗೆಮನೆಗೆ ಹೋಗಿ ಮುದ್ದೆ ಮುರಿದಳು.

"ಅಯ್ಯೋ ಶಿವನೇ! ಲಿಂಗ ಇಲ್ದಿರೋ ಕೊರಳಲ್ಲಿ ತುತ್ತು ಇಳಿಸ್ತೀಯಲ್ಲೇ! ಮನೆ ಹಾಳಾಗ್ಲಿ ಅಂತಾನಾ?" ದಾಕ್ಷಾಯಣಮ್ಮ ಬಾಯಿ ಬಡಿದುಕೊಂಡಳು.

"ಬೈಯ್ರಿ ಅತ್ತೆಮ್ಮ, ಬೇಡ ಅನ್ನಲ್ಲ. ಮಗೀಗೆ ಹಾಲು ಬೇಕು."

ಕಣ್ಣೀರು ಸಾರಿಗೆ ಬೀಳುತ್ತಿತ್ತು. ಆದರೂ ಉಂಡಳು. ಅವತ್ತಿನಿಂದ ಅತ್ತೆ ಅವಳ ತಟ್ಟೆಯನ್ನು ಹಿತ್ತಿಲ ಬಾಗಿಲಿಗೆ ಇಟ್ಟಳು, ಮಾತು ಬಿಟ್ಟಳು. ಪಂಕಜಾಕ್ಷಿಗೆ ಸಂಕಟವಾಗದೆ ಇರಲಿಲ್ಲ. ಅಲ್ಲೇ ಕೂತು ಹೊಟ್ಟೆತುಂಬ ಉಂಡಳು.

ಅಜ್ಜಯ್ಯ ಬರುವ ದಿನ ಕೇರಿಯೆಲ್ಲ ನಡುಮನೆಯಲ್ಲಿ ನೆರೆದಿತ್ತು. ಮಾತು ಬಿಟ್ಟಿದ್ದ ಅತ್ತೆಯೇ ಸೊಸೆಯ ಕಿವಿಯಲ್ಲಿ, "ಐದು ದಿನವೂ ಉಪವಾಸ ಇದ್ದೆ ಅನ್ನು. ಮರ್ಯಾದೆ ಉಳೀಲಿ," ಅಂದಳು.

"ಎಷ್ಟು ದಿನ ಉಪವಾಸ ಇದ್ದೆ ತಾಯಿ?" ಅಜ್ಜಯ್ಯ ಕೇಳಿದರು.

"ಒಂದೂವರೆ ದಿನ ಅಜ್ಜಯ್ಯ. ಆಮೇಲೆ ಮಗೀಗೋಸ್ಕರ ಉಂಡೆ."

ಹೊಸ ಲಿಂಗ ಹಿಡಿದಿದ್ದ ಅಜ್ಜಯ್ಯನ ಕೈ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಕೂಸು ಅತ್ತಿತು. ಪಂಕಜಾಕ್ಷಿ ಯಾರ ಅಪ್ಪಣೆಗೂ ಕಾಯದೆ, ಅಲ್ಲೇ ಗೋಡೆಗೆ ತಿರುಗಿ ಕೂತು, ಸೆರಗು ಮರೆಮಾಡಿ ಎದೆಗೆ ಹಚ್ಚಿಕೊಂಡಳು. ಕೊಡುತ್ತಾರೋ ಇಲ್ಲವೋ ಎಂದು ಎಲ್ಲರೂ ಅಜ್ಜಯ್ಯನ ಮುಖವನ್ನೇ ನೋಡುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ. ಕೂಸು ಗುಟುಕು ಗುಟುಕಾಗಿ ಕುಡಿಯುತ್ತಿತ್ತು.