ಹೊಸತೊಡಕಿಗೆ ಬಸ್ಸಾರು

ತಟ್ಟೆ ಹಾರಿ ಬಂದು ಗೋಡೆಗೆ ಬಡಿಯಿತು. ಸಾರು ಕ್ಯಾಲೆಂಡರಿನ ಮೇಲೆಲ್ಲ ಇಳಿಯಿತು. ಮುದ್ದೆ ಉರುಳಿಕೊಂಡು ಹೋಗಿ ಬೀರುವಿನ ಕೆಳಗೆ ಸೇರಿತು. ಚಿಕ್ಕಬೋರಮ್ಮ ಕಣ್ಣು ಮುಚ್ಚಿಕೊಂಡಳು, ಯಾಕೆಂದರೆ ತಟ್ಟೆಯ ಹಿಂದೆಯೇ ಕೈ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬಂತು.

"ಏನಮ್ಮಿ ಇದು? ಬಾಡು ಅಂದ್ಬುಟ್ಟು ಏನ್ ಆಕಿದ್ದೀಯ ನಂಗೆ? ಸ್ಪಂಜಾ?" ಗಂಡ ಹೊನ್ನಯ್ಯ ಅವಳ ತುರುಬು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಗುದ್ದಿದ. "ಬಾಡ್ಯಾವ್ದು ಬೂಸಾ ಯಾವ್ದು ಅಂತ ನಂಗೆ ಗೊತ್ತಾಗಕಿಲ್ವಾ?"

ಅದು ಸೋಯಾ ಉಂಡೆ. ಮಳವಳ್ಳಿಗೆ ಕೊಟ್ಟಿರುವ ಮಗಳು ವೀಣ ಫೋನಿಗೆ ವೀಡಿಯೋ ಕಳಿಸಿ, "ಬಿಸ್ನೀರ್ನಲ್ಲಿ ನೆನೆಸಿ ಹಿಂಡ್ಬುಟ್ಟು ಬಾಡಿನ ಮಸಾಲೇನೇ ಆಕವ್ವ, ಅಪ್ಪಂಗೆ ಗೊತ್ತೇ ಆಗಕಿಲ್ಲ" ಎಂದಿದ್ದಳು. ಗೊತ್ತಾಗದೆ ಇರುತ್ತದೆಯೇ! ಹಲ್ಲು ಹುಟ್ಟಿದಾಗಿನಿಂದ ಕುರಿಮೂಳೆ ಕಡಿದವನು ಅವನು. ಹಿಂದಿನ ವಾರ ಎಳೆ ಹಲಸಿನಕಾಯಿ ಮಾಡಿದ್ದಳು, ಅದಕ್ಕೂ ಹಿಂದೆ ಅಣಬೆ. ಅವಕ್ಕೂ ಇದೇ ಗೋಡೆ, ಇದೇ ಚೌಕಟ್ಟು.

ಇನ್ನೊಂದು ಗುದ್ದು ಬೀಳಬೇಕಿತ್ತು, ಬೀಳಲಿಲ್ಲ. ತುರುಬು ಹಿಡಿದ ಕೈ ಸಡಿಲವಾಯಿತು. ತಿರುಗಿ ನೋಡಿದರೆ ಹೊನ್ನಯ್ಯ ಎದೆ ಹಿಡಿದುಕೊಂಡು, ಬಾಯಿ ತೆರೆದುಕೊಂಡು, ಗೋಡೆಗೆ ಒರಗಿ ಕೆಳಕ್ಕೆ ಜಾರುತ್ತಿದ್ದಾನೆ. ಹಣೆಯ ರಕ್ತ ಕಣ್ಣಿಗಿಳಿಯುತ್ತಿದ್ದರೂ ಚಿಕ್ಕಬೋರಮ್ಮ ಓಡಿದಳು. ದೇವರ ಗೂಡಿನಲ್ಲಿಟ್ಟಿದ್ದ ಮಾತ್ರೆ ತಂದಳು, ಅವನ ದವಡೆ ಹಿಡಿದು ನಾಲಿಗೆಯ ಕೆಳಗೆ ಇಟ್ಟಳು, ಎದೆ ನೀವಿದಳು. ಹೊಡೆಯುವವನಿಗೆ ಮತ್ತೆ ಹೊಡೆಯಲು ತ್ರಾಣ ಬರಲಿ ಎಂದು ಹೊಡೆಸಿಕೊಂಡವಳೇ ಮದ್ದು ಹಾಕಬೇಕು! ಇದೂ ಒಂದು ಸಂಸಾರವೇ? ಉಸಿರು ಹತೋಟಿಗೆ ಬಂದ ಮೇಲೆ ಹೊನ್ನಯ್ಯ ಆಡಿದ ಮೊದಲ ಮಾತು, "ನಾಳೀಕೆ ಬಾಡು ಮಾಡು."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಆ ಗಾದೆ ಕಟ್ಟಿದ ಪುಣ್ಯಾತ್ಮ ಹೊಳಲು ಊರಿನ ಈ ಮನೆಗೆ ಒಂದು ಸಲ ಬಂದು ಹೋಗಬೇಕಿತ್ತು. ಇಲ್ಲಿ ಜಗಳ ಹುಟ್ಟುವುದೇ ಉಣ್ಣಲು ಕೂತಾಗ. ವೀಣ ಚಿಕ್ಕವಳಿದ್ದಾಗ, ಮಗು ಆಸೆಪಟ್ಟಿತೆಂದು ಮಜ್ಜೆ ತುಂಬಿದ ನಲ್ಲಿ ಮೂಳೆಯನ್ನು ಅದರ ತಟ್ಟೆಗೆ ಹಾಕಿದ್ದಕ್ಕೆ ಚಿಕ್ಕಬೋರಮ್ಮನ ಮುಂದಿನ ಹಲ್ಲು ಹೋಯಿತು. ಕುರಿಯ ಕರುಳು, ಬೋಟಿ ಸರಿಯಾಗಿ ಬೆಂದಿಲ್ಲವೆಂದು ಕುದಿಯುವ ಸಾರು ಎಡಗೈ ಮೇಲೆ ಬಿತ್ತು. ಮೊಣಕೈಯವರೆಗೆ ಆ ಚರ್ಮ ಇವತ್ತಿಗೂ ಒಣಗಿದ ಬಾಳೆಪಟ್ಟೆಯ ಹಾಗೆ ಸುಕ್ಕುಗಟ್ಟಿದೆ.

ಅಷ್ಟೆಲ್ಲ ಆದರೂ ಊರಿನಲ್ಲಿ ಬಾಡಿನ ಸಾರು ಅಂದರೆ ಅವಳದೇ. ಬೀಗರೂಟವಾಗಲಿ, ತಿಥಿಯಾಗಲಿ, ಎಷ್ಟೇ ದೊಡ್ಡ ಅಡುಗೆ ಭಟ್ಟರಿರಲಿ, ಉಪ್ಪು ಹಾಕಲು ಮಾತ್ರ ಚಿಕ್ಕಬೋರಮ್ಮನನ್ನು ಕರೆಯುತ್ತಿದ್ದರು. ಅವಳು ಅಳೆಯುತ್ತಿರಲಿಲ್ಲ, ರುಚಿ ನೋಡುತ್ತಿರಲಿಲ್ಲ. ಹಿಡಿಯಲ್ಲಿ ತೆಗೆದು ಹಾಕಿದರೆ ಮುಗಿಯಿತು, ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಮ್ಮಿಯಿಲ್ಲ. "ಅವ್ಳ ಕೈಗುಣ ಕಣಪ್ಪ" ಎನ್ನುತ್ತಿದ್ದರು ಜನ. ತನ್ನದು ಅಂತ ಅವಳಿಗಿದ್ದ ಆಸ್ತಿ ಅದೊಂದೇ.

ಸಂಕ್ರಾಂತಿಯ ಹೊತ್ತಿಗೆ ಹೊನ್ನಯ್ಯ ಗದ್ದೆ ಬದುವಿನ ಮೇಲೆ ಕುಸಿದುಬಿದ್ದಿದ್ದ. ಮಂಡ್ಯದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದರು: "ಹಾರ್ಟು ಅರ್ಧಕ್ಕಿಂತ ಕಮ್ಮಿ ಕೆಲಸ ಮಾಡ್ತಿದೆ ಅಮ್ಮ. ಮಟನ್ನು, ಕೊಬ್ಬು, ಕುಡಿತ ಯಾವುದೂ ಕೂಡದು. ಉಪ್ಪಂತೂ ಬಹಳ ಹುಷಾರು. ಜಾಸ್ತಿಯಾದ್ರೆ ಎದೇಲಿ ನೀರು ತುಂಬ್ಕೊಳುತ್ತೆ, ಆಸ್ಪತ್ರೆಗೆ ತರೋಷ್ಟು ಹೊತ್ತೂ ಇರಲ್ಲ. ಇನ್ನು ಮೇಲೆ ಇವರ ಪ್ರಾಣ ನಿಮ್ಮ ಕೈಲಿದೆ."

ಆವತ್ತಿನಿಂದ ಆ ಮನೆಯಲ್ಲಿ ಬಾಡು ಬೇಯಲಿಲ್ಲ. ಬೇರೆ ಅಡುಗೆ ಮಾಡಲು ಅವಳಿಗೇನು ಕಷ್ಟ? ಒಂದು ದಿನ ಮಸ್ಸೊಪ್ಪು, ಒಂದು ದಿನ ಹಿತಕಿದ ಅವರೆ, ಒಂದು ದಿನ ಮೊಳಕೆ ಹುರುಳಿ. ಸೊಪ್ಪು ಕಾಳು ಬೇಯಿಸಿ, ನೀರು ಬಸಿದು, ಆ ನೀರಿಗೆ ಖಾರ ಅರೆದು ಹಾಕಿದರೆ ಬಸ್ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ. ಅವಳೂ ಅದನ್ನೇ ಉಂಡಳು, ಹೊಟ್ಟೆ ಹಗುರಾಯಿತು, ಮೊಣಕಾಲು ನೋವು ಕೂಡ ಕಮ್ಮಿಯಾದ ಹಾಗಿತ್ತು. ಹೊನ್ನಯ್ಯ ಮಾತ್ರ "ನನ್ನೇನ್ ದನ ಅಂತ ತಿಳ್ಕಂಡಿದ್ದೀಯಾ" ಎಂದು ಪ್ರತಿ ಊಟಕ್ಕೂ ಕೈ ಎತ್ತಿದ.

ಸೋಯಾ ಉಂಡೆಯ ಗಾಯವನ್ನು ವೀಡಿಯೋ ಕಾಲಿನಲ್ಲಿ ನೋಡಿದ ವೀಣ, "ಅವ್ವ, ಮಾಡಾಕ್ಬುಡು" ಎಂದಳು.

"ಏನಮ್ಮಿ?"

"ಕೇಳ್ತಾನಲ್ಲ, ಬಾಡು ಮಾಡಾಕ್ಬುಡು. ತಿನ್ಲಿ. ತಿಂದು ಸಾಯ್ಲಿ."

"ಬಾಯ್ಮುಚ್ಚು! ನಿನ್ ಎತ್ತಪ್ಪ ಕಣೆ ಅವ್ನು" ಎಂದು ಬೈದು ಚಿಕ್ಕಬೋರಮ್ಮ ಫೋನು ಇಟ್ಟಳು. ಫೋನು ಇಟ್ಟಳು, ಮಗಳ ಮಾತನ್ನು ಕೆಳಗಿಡಲಾಗಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗಂಡ ಕೇಳಿದ, ಹೆಂಡತಿ ಮಾಡಿ ಹಾಕಿದಳು. ಇದರಲ್ಲಿ ಯಾವ ಪೊಲೀಸಿನವರು ಏನು ಕೇಳುತ್ತಾರೆ? ಊರಿನವರಂತೂ "ಆಸೆಪಟ್ಟಿದ್ದ ಮಾಡಾಕುದ್ಲು, ಪುಣ್ಯಾತ್ಗಿತ್ತಿ" ಎಂದು ಹೊಗಳುತ್ತಾರೆ. ಬೆಳಗಾಗೆದ್ದು ಹಿಟ್ಟು ತಿರುವುವಾಗ, ಬಚ್ಚಲಲ್ಲಿ ನೀರು ಕಾಯಿಸುವಾಗ, ಆ ಯೋಚನೆ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಅವಳು ಅದನ್ನು ಬೈದು ಕಳಿಸುತ್ತಿದ್ದಳು, ಅದು ಮತ್ತೆ ಬರುತ್ತಿತ್ತು.

ಯುಗಾದಿಗೆ ಒಬ್ಬಟ್ಟಾಯಿತು. ಮರುದಿನ ಹೊಸತೊಡಕು. ಆ ದಿನ ಬಾಡು ಬೇಯದ ಒಲೆ ನಮ್ಮ ಕಡೆ ಉಂಟೇ? ಮನೆಮನೆಯವರು ಸೇರಿ ಕುರಿ ತಂದು, ಕಡಿದು, ಬಾಳೆ ಎಲೆಯ ಮೇಲೆ ಸಮ ಸಮ ಗುಡ್ಡೆ ಹಾಕಿ, ಒಂದೊಂದು ಮನೆಗೆ ಒಂದೊಂದು ಗುಡ್ಡೆ ಹಂಚಿಕೊಳ್ಳುತ್ತಾರೆ. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ ಬೇರೆ. ಚಿಕ್ಕಬೋರಮ್ಮ ಮಾತ್ರ ಎದ್ದವಳೇ ದಂಟಿನ ಸೊಪ್ಪು, ಅಲಸಂದೆ ಕಾಳು ಬೇಯಿಸಿ ಬಸ್ಸಾರು ಮಾಡಿ ಮುಚ್ಚಿಟ್ಟಿದ್ದಳು. ಒಲೆಯ ಪಕ್ಕ ಮುದ್ದೆಯೂ ಸಿದ್ಧವಿತ್ತು.

ಹೊನ್ನಯ್ಯನ ಚಿಕ್ಕಪ್ಪನ ಮಗ ಸ್ವಾಮಿ ರಕ್ತ ತೊಟ್ಟಿಕ್ಕುವ ಚೀಲ ಹಿಡಿದು ಬಾಗಿಲಿಗೆ ಬಂದ. "ಅತ್ಗೆ, ನಿಮ್ ಗುಡ್ಡೆ. ಅಣ್ಣಂಗೆ ಅಂತ ಲಿವರ್ರು, ನಲ್ಲಿ ಮೂಳೆ ಎಲ್ಡೂ ಆಕ್ಸಿವ್ನಿ."

"ಡಾಕ್ಟ್ರು ಬ್ಯಾಡ ಅಂದವ್ರೆ ಕಣಪ್ಪ ಸ್ವಾಮಿ. ತಗಂಡೋಗು."

"ವರ್ಸಕ್ಕೊಂದ್ಸಲ ತಿಂದ್ರೆ ಯಾರ್ ಸಾಯ್ತಾರೆ, ಬುಡತ್ಗೆ. ಇವತ್ತು ಸೊಪ್ಪುಂಡ್ರೆ ವರ್ಸೆಲ್ಲ ಸೊಪ್ಪೇಯ."

ಒಳಗಿನಿಂದ ಹೊನ್ನಯ್ಯ ಬಂದ. ಕೈಯಲ್ಲಿ ಎಳನೀರು ಕೆತ್ತುವ ಮಚ್ಚು. ಮಾತಿಗೆ ಮುಂಚೆ ಮಚ್ಚು ಬಿತ್ತು, ಅವಳ ಕಿವಿಯ ಪಕ್ಕದ ಚೌಕಟ್ಟಿಗೆ. ಮರದ ಸಿಬರು ಹಾರಿ ಕೆನ್ನೆಗೆ ಚುಚ್ಚಿ ರಕ್ತ ಜಿನುಗಿತು.

"ಇವತ್ತು ಒಲೆ ಮ್ಯಾಲೆ ಬಾಡು ಬೇಯ್ಬೇಕು. ಇಲ್ದಿದ್ರೆ ನೀನು ಬೇಯ್ತೀಯ."

ಸ್ವಾಮಿ ಚೀಲವನ್ನು ಹೊಸ್ತಿಲ ಮೇಲಿಟ್ಟು, ಚಪ್ಪಲಿ ಹುಡುಕುವವನ ಹಾಗೆ ತಲೆ ಬಗ್ಗಿಸಿಕೊಂಡು ಹೊರಟುಹೋದ. ಅಣ್ಣನಿಗೆ ನಲ್ಲಿ ಮೂಳೆ ತರುವ ಗಂಡಸಿಗೆ ಅತ್ತಿಗೆಯ ಕೆನ್ನೆಯ ರಕ್ತ ಕಾಣಲಿಲ್ಲ!

"ಆಯ್ತು, ಮಾಡ್ತೀನಿ" ಎಂದಳು ಚಿಕ್ಕಬೋರಮ್ಮ. ಆ ದನಿ ಎಷ್ಟು ತಣ್ಣಗಿತ್ತೆಂದರೆ ಅವಳಿಗೇ ಭಯವಾಯಿತು.

ಮಾಡಿದಳು. ಯಾವ ಬೀಗರೂಟಕ್ಕೂ ಮಾಡದಷ್ಟು ಚೆನ್ನಾಗಿ ಮಾಡಿದಳು. ತೊಳೆದು, ಅರಿಶಿನ ಹಾಕಿ, ಈರುಳ್ಳಿ ಜೊತೆ ನೀರು ಬಿಟ್ಟುಕೊಳ್ಳುವವರೆಗೆ ಬಾಡಿಸಿದಳು. ಕೊಬ್ಬರಿ, ಗಸಗಸೆ, ಚಕ್ಕೆ, ಲವಂಗ ಹುರಿದು ನುಣ್ಣಗೆ ಅರೆದಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಮನಸ್ಸು ಮುಂದಕ್ಕೆ ಓಡುತ್ತಿತ್ತು. ಸಂಜೆಗೆ ಎದೆ ಹಿಡಿದುಕೊಳ್ಳುತ್ತಾನೆ. ತಾನು ಹಿತ್ತಲಲ್ಲಿರುತ್ತೇನೆ. ಮಾತ್ರೆ ದೇವರ ಗೂಡಿನಲ್ಲಿರುತ್ತದೆ. ಆಮೇಲೆ ತಿಥಿ. ಹಿತ್ತಲಲ್ಲಿ ದೊಡ್ಡ ಪಾತ್ರೆಗಳು, ಹೊಗೆ, ಜನ. "ಬಾ ಚಿಕ್ಕಬೋರಮ್ಮ, ಉಪ್ಪಾಕು ಬಾ" ಎಂದು ಯಾರೋ ಕರೆಯುತ್ತಾರೆ. ಅವನೇ ಕೇಳಿದ್ದು, ಅವನೇ ಮಚ್ಚು ಹಿಡಿದದ್ದು, ನನ್ನದೇನು ಪಾಪ ಎಂದುಕೊಂಡಳು.

ಉಪ್ಪಿನ ಜಾಡಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಸಾರಿಗೆ ಹಾಕಿದಳು. ಆ ಪಾತ್ರೆಗೆ ಅಷ್ಟು ಸಾಕು. ಅವಳ ಕೈಗೆ ಅದು ಗೊತ್ತು. ಆದರೆ ಕೈ ಮತ್ತೆ ಜಾಡಿಗೆ ಹೋಯಿತು, ಮತ್ತೊಂದು ಹಿಡಿ ತುಂಬಿಕೊಂಡು ಬಂದು ಕುದಿಯುವ ಪಾತ್ರೆಯ ಮೇಲೆ ನಿಂತಿತು. ಸಪ್ಪೆ ಉಂಡು ಉಂಡು ಉಪ್ಪಿಗೆ ಬಾಯಿಬಿಡುತ್ತಿರುವ ನಾಲಿಗೆಗೆ ಬಾಡಿನ ಖಾರದಲ್ಲಿ ಅದು ಹೆಚ್ಚೆನಿಸುವುದೂ ಇಲ್ಲ.

ಚಿಕ್ಕಬೋರಮ್ಮ ತನ್ನ ಮುಷ್ಟಿಯನ್ನೇ ನೋಡುತ್ತ ನಿಂತಳು. ಬಾಡು ಅವನು ಕೇಳಿದ್ದು. ಈ ಉಪ್ಪನ್ನು ಯಾರು ಕೇಳಿದರು? ಇದು ಅವನ ಮಚ್ಚಿನ ಹೆದರಿಕೆಯಲ್ಲ, ಮಗಳ ಮಾತಲ್ಲ. ಇದು ತಾನು. ಹಬೆಗೆ ಉಪ್ಪು ಒದ್ದೆಯಾಗಿ ಬೆರಳಿಗೆ ಅಂಟತೊಡಗಿತು.

ನಡುಮನೆಯಿಂದ ಹೊನ್ನಯ್ಯ ಕೂಗಿದ. ದನಿಯಲ್ಲಿ ಬೆಣ್ಣೆ. "ಲೇ ಬೋರಿ, ಗಮಾ ಬೀದಿಗಂಟ ಒಡೀತಾವ್ದೆ ಕಣಮ್ಮಿ! ನಿನ್ ಕೈಗುಣ ಯಾರ್ಗೂ ಬರಾಕಿಲ್ಲ ಬುಡು!"

ಮದುವೆಯಾಗಿ ಮೂವತ್ತು ವರ್ಷಕ್ಕೆ ಬಂದ ಮೊದಲ ಹೊಗಳಿಕೆ. ಹಲ್ಲು ತೆಗೆದುಕೊಂಡ, ಚರ್ಮ ತೆಗೆದುಕೊಂಡ. ಈಗ ಕೈಗುಣವನ್ನೂ ತೆಗೆದುಕೊಂಡು ಹೋಗುತ್ತಾನೆಯೇ? ತಾನು ಬಾಡುಂಡು ಕಣ್ಣು ಮುಚ್ಚಿ, ಕೊಲೆಯನ್ನು ನನ್ನ ಕೈಗೆ ಅಂಟಿಸಿ ಹೋಗುತ್ತಾನೆಯೇ? ಆಮೇಲೆ ಯಾರ ಮನೆಯ ಪಾತ್ರೆಗೆ ಈ ಕೈಯಿಂದ ಉಪ್ಪು ಹಾಕಲಿ? ಇಲ್ಲ, ಅದೊಂದನ್ನು ಕೊಡುವುದಿಲ್ಲ.

ಉಪ್ಪನ್ನು ಜಾಡಿಗೆ ಕೊಡವಿ, ಬಟ್ಟೆ ಸುತ್ತಿ ಪಾತ್ರೆ ಎತ್ತಿದಳು. ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ ಹೊನ್ನಯ್ಯನನ್ನು ದಾಟಿ, ಹೊಸ್ತಿಲು ದಾಟಿ, ನೇರ ಹೋಗಿ ತಿಪ್ಪೆಯ ಮೇಲೆ ಸುರಿದಳು. ಲಿವರು, ನಲ್ಲಿ ಮೂಳೆ, ಮಸಾಲೆ, ಎಲ್ಲ. ಬೀದಿಯ ನಾಯಿಗಳಿಗೆ ಹೊಸತೊಡಕಾಯಿತು.

ಅವಳು ಅಡುಗೆಮನೆಗೆ ಹಿಂತಿರುಗಿ ಒಲೆಯ ಹತ್ತಿರ ಬರುವಷ್ಟರಲ್ಲಿ ಹೊನ್ನಯ್ಯ ಮಚ್ಚು ಹಿಡಿದು ಬಾಗಿಲಿಗೆ ಅಡ್ಡ ಬಂದ. ಮುಖ ಕೆಂಪಗಾಗಿತ್ತು. "ಬಡ್ಡಿಮುಂಡೆ, ನಿನ್ನ ಇವತ್ತು ಗುಡ್ಡೆ ಆಕ್ತೀನಿ" ಎಂದು ಮಚ್ಚೆತ್ತಿದ.

ಒಲೆಯ ಪಕ್ಕ ಮುದ್ದೆ ಕೋಲು ಒರಗಿತ್ತು. ಎಷ್ಟೋ ವರ್ಷ ಹಿಟ್ಟು ತಿರುವಿ ತಿರುವಿ ನುಣುಪಾದ, ಕಬ್ಬಿಣದಷ್ಟು ಗಟ್ಟಿಯಾದ ಕೋಲು. ಚಿಕ್ಕಬೋರಮ್ಮ ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಮೊದಲನೆಯದು ಮಣಿಕಟ್ಟಿಗೆ. ಮಚ್ಚು ಠಣ್ಣೆಂದು ನೆಲಕ್ಕೆ ಬಿತ್ತು. ಎರಡನೆಯದು ಮೊಣಕಾಲ ಕೆಳಗಿನ ಮೂಳೆಗೆ. "ಅಯ್ಯಪ್ಪೋ!" ಎಂದು ಕುಸಿದ. ಆಮೇಲೆ ತೊಡೆಗೆ, ಭುಜಕ್ಕೆ, ಬೆನ್ನಿಗೆ. ಹಲ್ಲಿನ ಲೆಕ್ಕ, ಚರ್ಮದ ಲೆಕ್ಕ, ಸೋಯಾ ಉಂಡೆಯ ಲೆಕ್ಕ, ಎಲ್ಲ ಬಿತ್ತು. ಎದೆಯ ಕಡೆಗೆ ಮಾತ್ರ ಕೋಲು ಹೋಗಲಿಲ್ಲ. ಡಾಕ್ಟರು ಹೇಳಿದ್ದು ಆ ರೋಷದಲ್ಲೂ ಅವಳಿಗೆ ನೆನಪಿತ್ತು.

ಕೂಗು ಕೇಳಿ ಓಡಿ ಬಂದ ಸ್ವಾಮಿ ಬಾಗಿಲಲ್ಲೇ ನಿಂತ. "ಅತ್ಗೆ! ಕಟ್ಕಂಡ ಗಂಡನ್ ಮ್ಯಾಲೆ ಕೈ ಮಾಡ್ತಾ ಇದ್ದೀರಲ್ಲ!"

"ಬಾಪ್ಪ ಒಳೀಕೆ, ನಿಂಗೂ ಐತೆ. ಮಚ್ಚು ನೋಡ್ದಾಗ ಎಲ್ಲೋಗಿದ್ದೆ ನೀನು? ಬಸ್ಸಾರು ಉಣ್ಣಂಗಿದ್ರೆ ಕೂತ್ಕೊ, ಇಲ್ದಿದ್ರೆ ನಡಿ."

ಸ್ವಾಮಿ ಕೋಲು ನೋಡಿದ, ಅಣ್ಣನನ್ನು ನೋಡಿದ, ನಡೆದ.

ಚಿಕ್ಕಬೋರಮ್ಮ ಏದುಸಿರು ಬಿಡುತ್ತ ಗಂಡನ ಎದುರು ಕುಕ್ಕರಗಾಲಲ್ಲಿ ಕೂತಳು. ಇಷ್ಟು ವರ್ಷ 'ಬನ್ನಿ, ಉಣ್ಣಿ' ಎಂದ ಬಾಯಿ ಈಗ ಬೇರೆಯಾಗಿತ್ತು. "ಕೇಳ್ಲಾ ಒನ್ನಯ್ಯ. ನಿನ್ನ ಸಾಯ್ಸಾದು ನಂಗೇನ್ ಕಷ್ಟ ಇರ್ನಿಲ್ಲ. ಇನ್ನೊಂದಿಡಿ ಉಪ್ಪು ಈ ಕೈಲೇ ಇತ್ತು. ಆಕಿದ್ರೆ ಚಪ್ಪರ್ಸ್ಕಂಡು ಉಂಡು, ತೇಗಿ, ಸುಕವಾಗಿ ಓಗ್ಬುಡ್ತಿದ್ದೆ. ಅಂಗೆ ಸುಕವಾಗಿ ಸಾಯಕ್ಕೆ ನಿನ್ನ ಬುಡಕಿಲ್ಲ. ಬದುಕು. ನೂರ್ವರ್ಸ ಬದುಕು. ದಿನಾ ನನ್ ಕೈಲಿ ಸೊಪ್ಪುಂಡ್ಕಂಡು ಬದುಕು."

ಹೊನ್ನಯ್ಯ ಅವಳ ಕೈಯನ್ನು ನೋಡಿದ. ಬೆರಳ ಸಂದಿಯಲ್ಲಿ ಉಪ್ಪಿನ ಹರಳುಗಳು ಇನ್ನೂ ಅಂಟಿಕೊಂಡಿದ್ದವು. ಅವನ ಮುಖದ ಕೆಂಪೆಲ್ಲ ಇಳಿದುಹೋಯಿತು. ಇಷ್ಟು ದಿನ ತಾನು ಯಾರ ತಲೆಯನ್ನು ಚೌಕಟ್ಟಿಗೆ ಗುದ್ದುತ್ತಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು.

ಅವಳು ಎದ್ದು ಮಚ್ಚನ್ನು ಒದ್ದು ಒಲೆಯ ಕಡೆಗೆ ತಳ್ಳಿದಳು. ಮುದ್ದೆ ಇಟ್ಟಳು, ಬಸ್ಸಾರು ಬಿಟ್ಟಳು, ಪಕ್ಕಕ್ಕೆ ದಂಟಿನ ಪಲ್ಯ, ತಟ್ಟೆಯ ಅಂಚಿನಲ್ಲಿ ಮಾತ್ರೆ. ಆಮೇಲೆ ತನಗೂ ಒಂದು ತಟ್ಟೆ ಹಾಕಿಕೊಂಡು ಅವನ ಎದುರಿಗೇ ಕೂತಳು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ಆ ಮನೆಯಲ್ಲಿ ಅವನು ಉಂಡು ಏಳುವ ಮುಂಚೆ ಅವಳು ತುತ್ತು ಎತ್ತಿದ್ದು ಅದೇ ಮೊದಲು. ಬೀದಿಯಲ್ಲಿ ಮನೆಮನೆಯಿಂದ ಬಾಡಿನ ಗಮಲು ಬರುತ್ತಿತ್ತು, ತಿಪ್ಪೆಯ ಮೇಲೆ ನಾಯಿಗಳು ಮೂಳೆಗೆ ಕಚ್ಚಾಡುತ್ತಿದ್ದವು.

ಹೊನ್ನಯ್ಯ ಊದಿಕೊಂಡ ಕೈಯಲ್ಲಿ ಮುದ್ದೆ ಮುರಿದ. ಸಾರಿನಲ್ಲಿ ಅದ್ದಿ ನುಂಗಿದ. ಇನ್ನೊಂದು ತುತ್ತು ನುಂಗಿದ. ಕಣ್ಣು ಮೇಲೆತ್ತದೆ, ಮೆಲ್ಲಗೆ ಅಂದ, "ಉಪ್ಪು ಕಮ್ಮಿ ಐತೆ."

"ಊಂ. ಕಮ್ಮೀನೇ ಇರ್ತದೆ" ಎಂದಳು ಚಿಕ್ಕಬೋರಮ್ಮ. "ಉಣ್ಣು."